108ಕ್ಕೆ ಕರೆ ಮಾಡಿದ ಮೇಲೆ ಒಳಗೆ ಏನೇನು ನಡೆಯುತ್ತದೆ? ಆ ಕೆಲಸದಲ್ಲಿದ್ದವರು ಹೇಳಿ

ತೋಟದಮನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಆಗುಂಬೆ ಸೀಮೆಯ ಒಂದು ಮೂಲೆಯಲ್ಲಿ. ಮಳೆಗಾಲದಲ್ಲಿ ಒಂದು ರಾತ್ರಿ ಅಪ್ಪನಿಗೆ ಎದೆನೋವು ಬಂತು. 108ಕ್ಕೆ ಮಾಡಿದೆವು. ಗಾಡಿ ಬಂತು, ತಾಲ್ಲೂಕು ಆಸ್ಪತ್ರೆಗೆ ಹೋಯಿತು, ಅಲ್ಲಿಂದ ಮಣಿಪಾಲಕ್ಕೆ ಕಳಿಸಿದರು, ಸ್ಟೆಂಟ್ ಬಿತ್ತು. ಈಗ ಅಪ್ಪ ಕೊನೆಗಾರನ ಜೊತೆ ಜಗಳ ಆಡುವಷ್ಟು ಗಟ್ಟಿಯಾಗಿದ್ದಾರೆ. ಹಾಗಾಗಿ ಇದು ದೂರಲ್ಲ.

ಆದರೆ ಮನೆಯಲ್ಲಿ ವಾದ ಇನ್ನೂ ನಿಂತಿಲ್ಲ. ಚಿಕ್ಕಪ್ಪನ ಪ್ರಕಾರ ಫೋನಲ್ಲಿ ಅಷ್ಟೆಲ್ಲ ಪ್ರಶ್ನೆ ಕೇಳಿದ್ದೇ ತಪ್ಪು, ಆ ಹೊತ್ತಿಗೆ ಗಾಡಿ ಅರ್ಧ ದಾರಿ ಬರುತ್ತಿತ್ತು. ಭಾವನ ಪ್ರಶ್ನೆ ಬೇರೆ: ನಮ್ಮ ತಾಲ್ಲೂಕಿನಲ್ಲೇ ಗಾಡಿ ಇರುವಾಗ ಪಕ್ಕದ ತಾಲ್ಲೂಕಿನಿಂದ ಯಾಕೆ ಬಂತು? ನನ್ನ ಅನುಮಾನ ಅಂದರೆ, ಹೃದಯದ ತೊಂದರೆ ಅಂತ ಗೊತ್ತಿದ್ದ ಮೇಲೆ ಸೀದಾ ಮಣಿಪಾಲಕ್ಕೆ ಯಾಕೆ ಹೋಗಲಿಲ್ಲ? ಗಾಡಿಯಲ್ಲಿದ್ದ ಹುಡುಗಿ ಡಾಕ್ಟರಾ, ನರ್ಸಾ? ಮಾತ್ರೆ ಅಗಿಯಲು ಕೊಟ್ಟಳು, ಆಕ್ಸಿಜನ್ ನೋಡಿದಳು, ಯಾರಿಗೋ ಫೋನ್ ಮಾಡಿದಳು. ಇಂಜೆಕ್ಷನ್ ಯಾಕೆ ಕೊಡಲಿಲ್ಲ ಅಂತ ಅಮ್ಮ ಇವತ್ತಿಗೂ ಕೇಳುತ್ತಾರೆ.

ಬಲ್ಲವರು ಬಿಡಿಸಿ ಹೇಳಿದರೆ ಉಪಕಾರ.

ಹೆಡ್‌ಸೆಟ್ ಹಳಬ

ಮೊದಲ ಪ್ರಶ್ನೆಗೆ ನಾನು ಉತ್ತರ ಕೊಡಬಲ್ಲೆ. ಬೆಂಗಳೂರಿನ ಆ ಕಾಲ್ ಸೆಂಟರ್‌ನಲ್ಲಿ ಕೆಲವು ವರ್ಷ ಕೂತವನು ನಾನು.

ನೀವು ಬೀದರ್‌ನಿಂದ ಮಾಡಿ, ಬೈಂದೂರಿನಿಂದ ಮಾಡಿ, ಕರೆ ಬೀಳುವುದು ಬೆಂಗಳೂರಿಗೆ. ಫೋನ್ ಎತ್ತಿದವರಿಗೆ ನಿಮ್ಮೂರು ಗೊತ್ತಿರುವುದಿಲ್ಲ. 'ರಾಮಪುರ, ಮಾರಮ್ಮನ ಗುಡಿ ಹತ್ತಿರ, ಬೇಗ ಬನ್ನಿ' ಅಂದು ಕಟ್ ಮಾಡುವವರು ಎಷ್ಟು ಜನ! ರಾಮಪುರ, ಹೊಸಹಳ್ಳಿ ಅನ್ನೋ ಹೆಸರು ಎಷ್ಟು ತಾಲ್ಲೂಕಿನಲ್ಲಿ ಇಲ್ಲ ಹೇಳಿ. ಮಾರಮ್ಮನ ಗುಡಿ ಎಲ್ಲಿಲ್ಲ? ಅದಕ್ಕೇ ಜಿಲ್ಲೆ, ತಾಲ್ಲೂಕು, ಹೋಬಳಿ, ಹತ್ತಿರದ ಗುರುತು ಅಂತ ಕೇಳುತ್ತಾ ಹೋಗುವುದು. ತಪ್ಪು ರಾಮಪುರಕ್ಕೆ ಗಾಡಿ ಹೊರಟರೆ ಆಮೇಲೆ ಎಷ್ಟೇ ಜೋರಾಗಿ ಓಡಿಸಿದರೂ ಪ್ರಯೋಜನ ಇಲ್ಲ.

ವಿಳಾಸ ಆದ ಮೇಲೆ ಕೇಳುವ ಪ್ರಶ್ನೆಗಳು ಬೇರೆ ಕೆಲಸಕ್ಕೆ. ಪ್ರಜ್ಞೆ ಇದೆಯಾ, ಉಸಿರಾಡುತ್ತಿದ್ದಾರಾ, ರಕ್ತ ಹೋಗುತ್ತಿದೆಯಾ, ವಯಸ್ಸು ಎಷ್ಟು. ಎರಡು ಕರೆ, ಒಂದೇ ಗಾಡಿ ಇದ್ದಾಗ ಯಾರಿಗೆ ಮೊದಲು ಕಳಿಸಬೇಕು ಅನ್ನೋದು ಈ ಉತ್ತರಗಳ ಮೇಲೆ ನಿಲ್ಲುತ್ತದೆ. ವೆಂಟಿಲೇಟರ್ ಇರುವ ಗಾಡಿ ಬೇಕಾ, ಸಾಮಾನ್ಯ ಗಾಡಿ ಸಾಕಾ ಅನ್ನೋದೂ ಅಷ್ಟೇ. ಇದಕ್ಕೆ ಕಾರ್ಡ್ ನೋಡಿಕೊಂಡು ಸಾಲಾಗಿ ಪ್ರಶ್ನೆ ಕೇಳುವ ಪದ್ಧತಿಯನ್ನು ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಜೆಫ್ ಕ್ಲಾಸನ್ ಅನ್ನೋ ಡಾಕ್ಟರ್ 1970ರ ದಶಕದ ಕೊನೆಯಲ್ಲಿ ಶುರು ಮಾಡಿದರು. ಈಗ ಎಷ್ಟೋ ದೇಶಗಳಲ್ಲಿ ಅದೇ ನಡೆಯುತ್ತದೆ.

ಗಾಡಿ ಗೊತ್ತು ಮಾಡಿ ಕಳಿಸುವುದು ಇನ್ನೊಂದು ಕೆಲಸ. ಎಲ್ಲಕ್ಕಿಂತ ಮುಖ್ಯ, ಕರೆ ಮಾಡಿದ ಫೋನನ್ನು ಬ್ಯುಸಿ ಇಡಬೇಡಿ. ಪೈಲಟ್ ದಾರಿ ಕೇಳಲು ಅದೇ ನಂಬರಿಗೆ ಮಾಡುತ್ತಾನೆ. ಆ ಹೊತ್ತಿಗೆ ನೀವು ಬೆಂಗಳೂರಿನ ಅಕ್ಕನಿಗೆ ಸುದ್ದಿ ಹೇಳುತ್ತಾ ಕೂತಿರುತ್ತೀರಿ.

ರಿಂಗ್ ರೋಡ್ ರಂಗ

ಪೈಲಟ್ಟಾ? ಆಂಬುಲೆನ್ಸ್ ಡ್ರೈವರ್‌ಗೆ ಪೈಲಟ್ ಅಂತಾರಾ? 😄

ಘಾಟಿ ಸ್ಟೇರಿಂಗ್

ಹೌದು ರಂಗಣ್ಣ, ಮೊದಲಿಂದಲೂ ಹಾಗೇ. ಯೂನಿಫಾರ್ಮ್ ಮೇಲೂ ಅದೇ. ಸಂಬಳ ಮಾತ್ರ ಡ್ರೈವರ್‌ದೇ.

ತೋಟದಮನೆ ಸರ್, ನಿಮ್ಮ ಭಾವನ ಪ್ರಶ್ನೆಗೆ ನಾನು ಹೇಳ್ತೀನಿ. ನಾನು ಮಲೆನಾಡಿನಲ್ಲೇ ಓಡಿಸಿದವನು. ತಾಲ್ಲೂಕಿನಲ್ಲಿ ಗಾಡಿ ಇದೆ ಅಂದರೆ ಅದು ಖಾಲಿ ಇದೆ ಅಂತ ಅಲ್ಲ. ಒಂದು ಮಾಮೂಲಿ ರಾತ್ರಿ ಹೀಗಿರುತ್ತದೆ ನೋಡಿ. ಸಂಜೆ ಹೊತ್ತಿಗೆ ತಾಲ್ಲೂಕು ಆಸ್ಪತ್ರೆಯಿಂದ ಒಂದು ಹೆರಿಗೆ ಕೇಸ್ ಶಿವಮೊಗ್ಗಕ್ಕೆ ರೆಫರ್ ಆಗುತ್ತದೆ. ತೀರ್ಥಹಳ್ಳಿಯಿಂದ ಶಿವಮೊಗ್ಗ 60 ಕಿಲೋಮೀಟರ್ ಹತ್ತಿರ ಇದೆ. ಮಳೆ, ಕತ್ತಲೆ, ಗುಂಡಿ. ಹೋಗಿ ಮುಟ್ಟಿದಿರಿ ಅನ್ನಿ. ಅಲ್ಲಿ ಬೆಡ್ ಸಿಗುವವರೆಗೆ ಪೇಶಂಟ್ ನಮ್ಮ ಸ್ಟ್ರೆಚರ್ ಮೇಲೇ. ಸ್ಟ್ರೆಚರ್ ವಾಪಸ್ ಬರದೆ ಗಾಡಿ ಹೊರಡುವ ಹಾಗಿಲ್ಲ, ಅದಿಲ್ಲದ ಗಾಡಿ ಬರೀ ವ್ಯಾನ್ ಅಷ್ಟೇ. ಅದಾದ ಮೇಲೆ ಸಹಿ, ಫಾರ್ಮ್. ಒಳಗೆ ರಕ್ತ ಬಿದ್ದಿದ್ದರೆ ತೊಳೆಯಬೇಕು. ಆಕ್ಸಿಜನ್ ನೋಡಬೇಕು, ಡೀಸೆಲ್ ನೋಡಬೇಕು. ಮತ್ತೆ 60 ಕಿಲೋಮೀಟರ್ ವಾಪಸ್. ಒಂದು ರೆಫರಲ್‌ಗೆ ನಾಲ್ಕು ಗಂಟೆ ಹೋದರೆ ಆಶ್ಚರ್ಯ ಇಲ್ಲ. ಅಷ್ಟು ಹೊತ್ತು ತಾಲ್ಲೂಕು ಬರಿದು. ಆಗ ನಿಮ್ಮ ಮನೆಯಿಂದ ಕರೆ ಬಂದರೆ ಪಕ್ಕದ ತಾಲ್ಲೂಕಿನ ಗಾಡಿ ಹೊರಡುತ್ತದೆ. ಅದು ಹೊರಟ ಮೇಲೆ ಆ ತಾಲ್ಲೂಕೂ ಬರಿದು.

ಜನ ನನ್ನನ್ನು ಬೈಯುವುದು 'ನಿಧಾನ ಓಡಿಸಿದೆ' ಅಂತ. ಗಾಡಿ ಓಡುವಾಗ ಕಳೆಯುವುದು ಸ್ವಲ್ಪ. ನಿಂತಾಗ ಕಳೆಯುವುದೇ ಜಾಸ್ತಿ.

ಲೆಕ್ಕದ ಮೇಷ್ಟ್ರು

ಸ್ಟೇರಿಂಗ್ ಅವರು ಹೇಳಿದ್ದಕ್ಕೆ ಒಂದು ಲೆಕ್ಕ ಸೇರಿಸುತ್ತೇನೆ. ನಿವೃತ್ತ ಮೇಷ್ಟ್ರಿಗೆ ಬೇರೆ ಕೆಲಸ ಏನಿದೆ?

ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಳತೆ ಇದು: 1 ಲಕ್ಷ ಜನಕ್ಕೆ ಒಂದು ಸಾಮಾನ್ಯ ಆಂಬುಲೆನ್ಸ್, 5 ಲಕ್ಷ ಜನಕ್ಕೆ ಒಂದು ವೆಂಟಿಲೇಟರ್ ಇರುವ ದೊಡ್ಡ ಗಾಡಿ. 2011ರ ಜನಗಣತಿಯಲ್ಲಿ ಕರ್ನಾಟಕ 6.11 ಕೋಟಿ. ಅಂದರೆ 611 ಮತ್ತು 122, ಒಟ್ಟು 733. ನಮ್ಮ 108ರಲ್ಲಿ ಏಳುನೂರರ ಮೇಲೆ ಗಾಡಿಗಳಿವೆ ಅಂತ ವರ್ಷಗಳಿಂದ ಪೇಪರಿನಲ್ಲಿ ಬರುತ್ತಿದೆ. ಜನಸಂಖ್ಯೆ ಆಮೇಲೆ ಬೆಳೆದಿದೆ, ನಿಜ. ಆದರೂ ಕಾಗದದ ಮೇಲೆ ತೀರಾ ಕಡಿಮೆ ಏನಲ್ಲ.

ಈಗ ಇದೇ ಅಳತೆಯನ್ನು ಎರಡು ಜಿಲ್ಲೆಗೆ ಹಾಕಿ. ಚಿಕ್ಕಮಗಳೂರು: ಜನ 11.4 ಲಕ್ಷ, ವಿಸ್ತೀರ್ಣ ಸುಮಾರು 7,200 ಚದರ ಕಿಲೋಮೀಟರ್. ಅಳತೆಯ ಪ್ರಕಾರ ಸಿಗುವುದು 13 ಗಾಡಿ. ಒಂದು ಗಾಡಿ ಸುಮಾರು 550 ಚದರ ಕಿಲೋಮೀಟರ್ ನೋಡಿಕೊಳ್ಳಬೇಕು. ಬೆಂಗಳೂರು ನಗರ ಜಿಲ್ಲೆ: ಜನ 96 ಲಕ್ಷ, ವಿಸ್ತೀರ್ಣ ಸುಮಾರು 2,190. ಗಾಡಿ 115. ಒಂದಕ್ಕೆ 19 ಚದರ ಕಿಲೋಮೀಟರ್.

ಇದು ನಾನು ಮಾಡಿದ ಭಾಗಾಕಾರ ಅಷ್ಟೇ, ನಿಜವಾಗಿ ಎಲ್ಲೆಲ್ಲಿ ಎಷ್ಟು ಗಾಡಿ ನಿಂತಿವೆ ಅನ್ನೋ ಪಟ್ಟಿ ಅಲ್ಲ. ಆದರೆ ತಲೆ ಎಣಿಸಿ ಗಾಡಿ ಹಂಚಿದರೆ ಗುಡ್ಡಗಾಡಿಗೆ ಏನಾಗುತ್ತದೆ ಅಂತ ಇದರಲ್ಲೇ ಕಾಣುತ್ತದೆ. ಜನ ಕಡಿಮೆ, ದಾರಿ ಜಾಸ್ತಿ ಇರುವ ಕಡೆ ದಾರಿಯ ಲೆಕ್ಕವೂ ಬೇಕು.

ಡ್ಯೂಟಿ ಡಾಕ್ಟರ್

ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಎಲ್ಲಿ ಅಂತ ಹೇಳುವುದಿಲ್ಲ.

ಸೀದಾ ಮಣಿಪಾಲಕ್ಕೆ ಯಾಕೆ ಹೋಗಲಿಲ್ಲ? ಈ ಪ್ರಶ್ನೆ ನನಗೆ ಪ್ರತಿ ವಾರ ಬರುತ್ತದೆ. ದೊಡ್ಡ ಹಾರ್ಟ್ ಅಟ್ಯಾಕ್ ಅಂದರೆ ಹೃದಯದ ರಕ್ತನಾಳ ಪೂರ್ತಿ ಮುಚ್ಚಿಕೊಂಡಿದೆ ಅಂತ. ಅದನ್ನು ತೆರೆಯಲು ಎರಡು ದಾರಿ. ಒಂದು, ಆಂಜಿಯೋಪ್ಲಾಸ್ಟಿ, ಅಂದರೆ ಬಲೂನಿನಿಂದ ನಾಳ ಬಿಡಿಸಿ ಸ್ಟೆಂಟ್ ಇಡುವುದು. ಅದು ಕ್ಯಾತ್ ಲ್ಯಾಬ್ ಅನ್ನೋ ಅದಕ್ಕೇ ಮೀಸಲಾದ ಕೋಣೆ ಇರುವಲ್ಲಿ ಮಾತ್ರ. ಇನ್ನೊಂದು, ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್. ಇಸಿಜಿ ತೆಗೆದ ಹೊತ್ತಿನಿಂದ 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ ಆಗುವ ಹಾಗಿದ್ದರೆ ಅದೇ ಒಳ್ಳೆಯದು. ಆಗದಿದ್ದರೆ ಮೊದಲು ಇಂಜೆಕ್ಷನ್ ಕೊಟ್ಟು ಆಮೇಲೆ ಕಳಿಸಬೇಕು. ಇದು ಜಗತ್ತಿನ ಎಲ್ಲ ಕಡೆ ಒಪ್ಪಿದ ನಿಯಮ. ನಿಮ್ಮ ಮನೆಯಿಂದ ಘಾಟಿ ಇಳಿದು, ಮಳೆಯಲ್ಲಿ, ಮಣಿಪಾಲದ ಕ್ಯಾತ್ ಲ್ಯಾಬ್ ಟೇಬಲ್ ಮೇಲೆ ಮಲಗಿಸುವವರೆಗೆ 120 ನಿಮಿಷ ಸಾಕಾ? ನೀವೇ ಹೇಳಿ.

2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದಕ್ಕೇ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುತ್ತೇವೆ, ಅದು ಜಯದೇವದಂಥ ದೊಡ್ಡ ಕೇಂದ್ರಕ್ಕೆ ಹೋಗುತ್ತದೆ, ಅಲ್ಲಿನವರು ನೋಡಿ ಹೇಳುತ್ತಾರೆ, ನಾವು ಟೆನೆಕ್ಟೆಪ್ಲೇಸ್ ಅನ್ನೋ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತೇವೆ. ರೋಗಿಗೆ ಖರ್ಚಿಲ್ಲ. ನಿಮ್ಮ ತಂದೆಯವರ ಕೇಸ್ ಶೀಟ್‌ನಲ್ಲಿ ಈ ಹೆಸರು ಇದೆಯಾ ನೋಡಿ.

ಆದರೆ ಇದನ್ನೇ ಎಲ್ಲ ಕಾಯಿಲೆಗೂ ಹಚ್ಚಬೇಡಿ. ಬಾಯಿ ಸೊಟ್ಟ ಆಗಿ, ಒಂದು ಕೈ ಬಿದ್ದುಹೋಗಿ, ಮಾತು ತೊದಲಿದರೆ ಅದು ಸ್ಟ್ರೋಕ್. ಅಲ್ಲಿ ಲೆಕ್ಕ ಉಲ್ಟಾ. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆಯಾ, ಸೋರಿದೆಯಾ ಅಂತ ಸಿಟಿ ಸ್ಕ್ಯಾನ್ ಇಲ್ಲದೆ ಹೇಳಲು ಆಗುವುದಿಲ್ಲ, ಹೇಳದೆ ಔಷಧಿ ಕೊಡಲು ಆಗುವುದಿಲ್ಲ. ಔಷಧಿಗೆ ಇರುವ ಗಡುವು ನಾಲ್ಕೂವರೆ ಗಂಟೆ. ಹಾಗಾಗಿ ಸ್ಕ್ಯಾನ್ ಇಲ್ಲದ ಆಸ್ಪತ್ರೆಯಲ್ಲಿ ಇಳಿಸಿದರೆ ಹೊತ್ತು ಹಾಳು. ಕೊನೆಯ ಬಾರಿ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಅಂತ ನೆನಪಿಟ್ಟುಕೊಂಡು ಹೇಳಿ. ಬೆಳಿಗ್ಗೆ ಎದ್ದಾಗ ಹೀಗಿದ್ದರೆ, ಹಿಂದಿನ ರಾತ್ರಿ ಮಲಗಿದ ಹೊತ್ತೇ ಲೆಕ್ಕಕ್ಕೆ ಬರುತ್ತದೆ.

ಹಾವು ಕಚ್ಚಿದರೆ ಮತ್ತೆ ಹತ್ತಿರದ ಆಸ್ಪತ್ರೆಯೇ. ವಿಷಕ್ಕೆ ಮದ್ದು ತಾಲ್ಲೂಕು ಆಸ್ಪತ್ರೆಯಲ್ಲಿ ಇಟ್ಟಿರುತ್ತೇವೆ. ಹಗ್ಗ ಬಿಗಿದುಕೊಂಡು, ನಾಟಿ ಮದ್ದಿನ ಮನೆ ಸುತ್ತಿ, ಕೊನೆಗೆ ನಮ್ಮಲ್ಲಿಗೆ ಬರುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರತಿ ಕೇಸನ್ನೂ ಸರ್ಕಾರಕ್ಕೆ ವರದಿ ಮಾಡಲೇಬೇಕು.

ಕುಂದಾಪ್ರದವ

ಡಾಕ್ಟ್ರೇ, ಹಾವಿನ ಫೋಟೋ ತೆಗೆದುಕೊಂಡು ಬರಬೇಕಾ? ಕೆಲವರು ಹೊಡೆದು ಚೀಲದಲ್ಲಿ ಹಾಕಿಕೊಂಡೇ ಬರ್ತಾರೆ.

ಡ್ಯೂಟಿ ಡಾಕ್ಟರ್

ದಯವಿಟ್ಟು ತರಬೇಡಿ. ಸತ್ತಿದೆ ಅಂದುಕೊಂಡದ್ದು ಮೇಜಿನ ಮೇಲೆ ಹೊರಳಿದ್ದನ್ನು ನೋಡಿದ್ದೇನೆ. ದೂರದಿಂದ ಫೋಟೋ ಸಿಕ್ಕರೆ ಸಿಗಲಿ, ಇಲ್ಲದಿದ್ದರೂ ಪರವಾಗಿಲ್ಲ. ಸ್ವಲ್ಪ ರಕ್ತ ತೆಗೆದು ಗಾಜಿನ ಟ್ಯೂಬಿನಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟರೆ, ಹೆಪ್ಪುಗಟ್ಟಿತಾ ಇಲ್ಲವಾ ಅನ್ನೋದರಲ್ಲೇ ಎಷ್ಟೋ ಗೊತ್ತಾಗುತ್ತದೆ. ನಿಮ್ಮ ಕಡೆ ಮತ್ತು ಮಲೆನಾಡಿನಲ್ಲಿ ಮೋಟು ಮೂತಿಯ ಒಂದು ಮಂಡಲ ಹಾವಿನ ಜಾತಿ ಇದೆ. ನಮ್ಮಲ್ಲಿರುವ ಮದ್ದು ಅದಕ್ಕೆ ಕೆಲಸ ಮಾಡುವುದಿಲ್ಲ, ಆದರೂ ಆಸ್ಪತ್ರೆಗೆ ಬರಲೇಬೇಕು. ಕಿಡ್ನಿ ನೋಡಿಕೊಳ್ಳಬೇಕು.

ಹಿಂದಿನ ಸೀಟು

ನಾನು ಇಎಂಟಿ. ಅಂದರೆ ಗಾಡಿಯ ಹಿಂದೆ ರೋಗಿ ಜೊತೆ ಕೂರುವವಳು. ನರ್ಸಿಂಗ್ ಓದಿ, ಆಮೇಲೆ ತುರ್ತು ಚಿಕಿತ್ಸೆಯ ತರಬೇತಿ ತೆಗೆದುಕೊಂಡು ಈ ಕೆಲಸಕ್ಕೆ ಬಂದೆ. ನಮ್ಮಲ್ಲಿ ಬಹಳ ಜನ ಹೀಗೇ.

ತೋಟದಮನೆ ಅವರ ಅಮ್ಮನಿಗೆ ಹೇಳಿ: ಆ ಹುಡುಗಿ ಫೋನ್ ಮಾಡಿದ್ದು ಕಾಲ್ ಸೆಂಟರ್‌ನಲ್ಲಿ ಕೂತಿರುವ ಡಾಕ್ಟರ್‌ಗೆ. ಅಲ್ಲಿ ಇದಕ್ಕೇ ಅಂತ ಡಾಕ್ಟರ್ ಇರುತ್ತಾರೆ. ಬಿಪಿ ಇಷ್ಟು, ನಾಡಿ ಇಷ್ಟು, ಆಕ್ಸಿಜನ್ ಇಷ್ಟು, ಶುಗರ್ ಇಷ್ಟು, ಬೆವರುತ್ತಿದ್ದಾರೆ, ನೋವು ಎಡಗೈಗೆ ಹರಡಿದೆ ಅಂತ ನಾವು ಓದುತ್ತೇವೆ. ಅವರು ಏನು ಕೊಡಬೇಕು ಅಂತ ಹೇಳುತ್ತಾರೆ, ನಾವು ಕೊಟ್ಟು ಬರೆದಿಡುತ್ತೇವೆ. ನಮ್ಮಿಷ್ಟಕ್ಕೆ ಸೂಜಿ ಚುಚ್ಚುವ ಹಾಗಿಲ್ಲ. ಅಗಿಯಲು ಕೊಟ್ಟ ಮಾತ್ರೆ ಆಸ್ಪಿರಿನ್ ಇರಬೇಕು. ಹಾರ್ಟ್ ಅಟ್ಯಾಕ್‌ನಲ್ಲಿ ಆ ಅಗ್ಗದ ಮಾತ್ರೆ ಮಾಡುವ ಕೆಲಸ ದೊಡ್ಡದು. ನಾಲಿಗೆ ಕೆಳಗೆ ಇಡುವ ಮಾತ್ರೆ ಎಲ್ಲರಿಗೂ ಕೊಡಲು ಬರುವುದಿಲ್ಲ. ಬಿಪಿ ಕಡಿಮೆ ಇದ್ದವರಿಗೆ ಕೊಟ್ಟರೆ ಇನ್ನೂ ಕುಸಿಯುತ್ತದೆ. ಪಕ್ಕದ ಮನೆಯವರ ಡಬ್ಬಿಯಿಂದ ತಂದು ಇಡುವವರು ಇದನ್ನು ತಿಳಿದುಕೊಳ್ಳಬೇಕು.

ಇನ್ನು ಎಷ್ಟೋ ಜನಕ್ಕೆ ಗೊತ್ತಿಲ್ಲದ್ದು. ನಮ್ಮ ಕರೆಗಳಲ್ಲಿ ದೊಡ್ಡ ಪಾಲು ಬಸುರಿ, ಹೆರಿಗೆಯದ್ದು. ಆಕ್ಸಿಡೆಂಟ್ ನೀವು ರಸ್ತೆಯಲ್ಲಿ ನೋಡುತ್ತೀರಿ, ಹಾಗಾಗಿ ಅದೇ ನೆನಪಿರುತ್ತದೆ. ಹೆರಿಗೆ ಗಾಡಿಯೊಳಗೇ ಆಗುವುದೂ ಇದೆ. ಮಗುವಿನ ತಲೆ ಕಾಣುತ್ತಿದೆ ಅಂದರೆ ಆಸ್ಪತ್ರೆ ಮುಟ್ಟಿಸುವ ಹಟ ಬಿಡಬೇಕು. ರಸ್ತೆ ಪಕ್ಕಕ್ಕೆ ಹಾಕಿಸಿ, ಲೈಟ್ ಹಾಕಿಸಿ, ಗಂಡಸರನ್ನೆಲ್ಲ ಕೆಳಗಿಳಿಸಿ, ಕಿಟ್ ಬಿಚ್ಚುವುದು. ಓಡುವ ಗಾಡಿಯಲ್ಲಿ ಹೊಕ್ಕುಳಬಳ್ಳಿ ಕತ್ತರಿಸಲು ಆಗುತ್ತದಾ ಹೇಳಿ. ಮಗು ಹುಟ್ಟಿದ ತಕ್ಷಣ ಒರೆಸಿ, ತಾಯಿಯ ಎದೆ ಮೇಲೆ ಹಾಕಿ, ಬಟ್ಟೆ ಮುಚ್ಚಿ ಬೆಚ್ಚಗಿಡುವುದೇ ಮೊದಲ ಕೆಲಸ. ಅಳಲಿಲ್ಲ ಅಂದರೆ ಬೆನ್ನು ಉಜ್ಜುವುದು, ಆಮೇಲೆ ಕೈಯಲ್ಲಿ ಒತ್ತಿ ಉಸಿರು ಕೊಡುವ ಚಿಕ್ಕ ಅಂಬು ಬ್ಯಾಗ್. ತಾಯಿಗೆ ರಕ್ತಸ್ರಾವ ಆಗುತ್ತಿದೆಯಾ ಅಂತ ಒಂದು ಕಣ್ಣು ಅಲ್ಲೇ ಇರಬೇಕು. ಒಬ್ಬಳೇ ಇರುತ್ತೇನೆ, ರೋಗಿ ಇಬ್ಬರಾಗಿರುತ್ತಾರೆ. ಕೆಳಗೆ ನಿಂತ ಅತ್ತೆ 'ಗಂಡೋ ಹೆಣ್ಣೋ' ಅಂತ ಕೇಳುತ್ತಿರುತ್ತಾರೆ. ಅದಕ್ಕೆ ಉತ್ತರ ನಾನು ಕೊನೆಗೇ ಕೊಡುವುದು.

ತೋಟದಮನೆ

ಅಕ್ಕ, ಅಮ್ಮನಿಗೆ ಓದಿ ಹೇಳಿದೆ. 'ಹಾಗಾದರೆ ಆ ಹುಡುಗಿಗೆ ಒಂದು ಲೋಟ ಕಾಫಿನಾದರೂ ಕೊಡಬೇಕಿತ್ತು' ಅಂತ ಶುರು ಮಾಡಿದ್ದಾರೆ. ಕೇಸ್ ಶೀಟ್‌ನಲ್ಲಿ ಟೆನೆಕ್ಟೆಪ್ಲೇಸ್ ಅಂತ ಇದೆ ಡಾಕ್ಟರ್. ಚಿಕ್ಕಪ್ಪನಿಗೆ ತೋರಿಸಿದೆ. ಅವರು ಈಗ ರಸ್ತೆ ಗುಂಡಿಯ ಕಡೆಗೆ ವಾದ ತಿರುಗಿಸಿದ್ದಾರೆ.

ರಿಂಗ್ ರೋಡ್ ರಂಗ

ಎಲ್ಲ ಸರಿ ಗುರು. ಬೆಂಗಳೂರಲ್ಲಿ ದಿನಾ ನೋಡ್ತೀನಿ, ಖಾಲಿ ಆಂಬುಲೆನ್ಸ್ ಸೈರನ್ ಹಾಕ್ಕೊಂಡು ಹೋಗುತ್ತೆ. ಕಿಟಕಿಯಲ್ಲಿ ಕಾಣುತ್ತಲ್ಲ, ಒಳಗೆ ಯಾರೂ ಮಲಗಿರಲ್ಲ. ಟೀ ಕುಡಿಯೋಕೆ ಹೋಗ್ತಾರೆ ಅಂತ ಎಲ್ಲರಿಗೂ ಗೊತ್ತು.

ಘಾಟಿ ಸ್ಟೇರಿಂಗ್

ಅಣ್ಣ, ಒಂದು ಸಲ ಯೋಚನೆ ಮಾಡಿ. ಪೇಶಂಟ್ ಹತ್ತಿರ ಹೋಗುವ ಗಾಡಿ ಖಾಲಿ ಇರದೆ ತುಂಬಿರುತ್ತದಾ? ಸೈರನ್ ನಿಜವಾಗಿ ಬೇಕಾಗಿರುವುದೇ ಆಗ. ಪೇಶಂಟ್ ಹತ್ತಿದ ಮೇಲೆ ಪಕ್ಕದಲ್ಲಿ ಇಎಂಟಿ ಇರುತ್ತಾರೆ, ಆಕ್ಸಿಜನ್ ಇರುತ್ತದೆ. ಹತ್ತುವ ಮುಂಚೆ ಅವರ ಹತ್ತಿರ ಯಾರೂ ಇಲ್ಲ.

ಖಾಸಗಿಯವರಲ್ಲಿ ಸೈರನ್ ದುರುಪಯೋಗ ಮಾಡುವವರು ಇಲ್ಲ ಅಂತ ನಾನು ಹೇಳಲ್ಲ. ಇದ್ದಾರೆ. ಆದರೆ ರಸ್ತೆಯಲ್ಲಿ ನಿಂತು ನೀವು ಅದನ್ನು ತೀರ್ಮಾನ ಮಾಡಬೇಡಿ. ಎಡಕ್ಕೆ ಸರಿದು ದಾರಿ ಬಿಡಿ. 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯಲ್ಲಿ ಇದಕ್ಕೇ ಒಂದು ಕಲಂ ಇದೆ, 194ಇ. ದಾರಿ ಬಿಡದಿದ್ದರೆ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ ಅಂತ ಬರೆದಿದ್ದಾರೆ. ದಾರಿ ಬಿಟ್ಟು ಆಮೇಲೆ ನಮ್ಮ ಬಾಲ ಹಿಡಿದು ಬರುವವರು ಇನ್ನೂ ಅಪಾಯ. ನಾನು ಬ್ರೇಕ್ ಹಾಕಿದರೆ ನೀವು ಸೀದಾ ಒಳಗೆ, ಅಡ್ಮಿಟ್ ಆಗೋಕೆ ದೂರ ಹೋಗಬೇಕಾಗಿಲ್ಲ.

ಹುಬ್ಬಳ್ಳಿ ಹುಡುಗ

ಝೀರೋ ಟ್ರಾಫಿಕ್ ಬಗ್ಗೆ ಯಾರೂ ಮಾತಾಡಲಿಲ್ಲಲ್ರೀ. 2020ರಲ್ಲಿ ಮಂಗಳೂರಿನಿಂದ ಬೆಂಗಳೂರಿನ ಜಯದೇವಕ್ಕೆ 40 ದಿನದ ಕೂಸನ್ನ ನಾಲ್ಕೂವರೆ ಗಂಟೆ ಆಸುಪಾಸಿನಲ್ಲಿ ಮುಟ್ಟಿಸಿದ್ರಲ್ಲ. ದಾರಿ ತುಂಬ ಜನ ನಿಂತು ಚಪ್ಪಾಳೆ ಹೊಡೆದಿದ್ರು. ಎಲ್ಲರಿಗೂ ಹಂಗ ಯಾಕ ಮಾಡಬಾರದು?

ಘಾಟಿ ಸ್ಟೇರಿಂಗ್

ಆ ಓಟ ಓಡಿಸಿದವರಿಗೆ ಕೈ ಮುಗೀತೀನಿ. ಆದರೆ ಅದು ಬೇರೆ ಥರದ ಕೆಲಸ. ಮಗು ಆಸ್ಪತ್ರೆಯಲ್ಲಿತ್ತು, ಡಾಕ್ಟರ್‌ಗಳು ಒಂದು ಹಂತಕ್ಕೆ ತಂದು ನಿಲ್ಲಿಸಿ ಕಳಿಸಿದ್ದರು. ಎಲ್ಲಿಂದ ಎಲ್ಲಿಗೆ, ಎಷ್ಟು ಗಂಟೆಗೆ ಅಂತ ಮೊದಲೇ ಗೊತ್ತು. ಜಿಲ್ಲೆ ಜಿಲ್ಲೆಯ ಪೊಲೀಸರು, ಸ್ವಯಂಸೇವಕರು ಸರ್ಕಲ್ ಸರ್ಕಲ್‌ನಲ್ಲಿ ನಿಂತಿದ್ದರು. ರಾತ್ರಿ ಎರಡು ಗಂಟೆಗೆ ತೋಟದೊಳಗಿಂದ ಬರುವ ಕರೆಗೆ ಇದು ಯಾವುದೂ ಇರುವುದಿಲ್ಲ.

ಇನ್ನೊಂದು ವಿಷಯ, ಕೇಳೋಕೆ ಕಹಿ. ಇಂಥ ಓಟದ ವಿಡಿಯೋ ನೋಡಿ ಹೊಸ ಹುಡುಗರು ಸ್ಪೀಡೇ ಸರ್ವಸ್ವ ಅಂದುಕೊಳ್ಳುತ್ತಾರೆ. 2022ರ ಜುಲೈನಲ್ಲಿ ಶಿರೂರು ಟೋಲ್ ಗೇಟ್‌ನಲ್ಲಿ ಏನಾಯಿತು ನೆನಪಿದೆಯಾ? ಹೊನ್ನಾವರ ಕಡೆಯಿಂದ ರೋಗಿ ಕರೆದುಕೊಂಡು ಬರುತ್ತಿದ್ದ ಆಂಬುಲೆನ್ಸ್, ಒದ್ದೆ ರಸ್ತೆ, ಬ್ರೇಕ್ ಹಾಕಿದ್ದೇ ತಿರುಗಿ ಟೋಲ್ ಕಟ್ಟಡಕ್ಕೆ ಬಡಿಯಿತು. ನಾಲ್ಕು ಜನ ಹೋದರು. ಸಿಸಿಟಿವಿ ವಿಡಿಯೋ ಇಡೀ ದೇಶ ನೋಡಿತು. ಹಿಂದೆ ಕೂತವರಿಗೆ ಬೆಲ್ಟ್ ಇಲ್ಲ, ನಿಂತೇ ಕೆಲಸ ಮಾಡುತ್ತಿರುತ್ತಾರೆ ಅನ್ನೋದು ಸ್ಟೇರಿಂಗ್ ಹಿಡಿದವನಿಗೆ ನೆನಪಿರಬೇಕು. ಘಾಟಿಯಲ್ಲಿ ನಾನು ಸೈರನ್ ಕೂಡ ಜಾಸ್ತಿ ಹಾಕಲ್ಲ. ಎದುರಿನವನು ಗಾಬರಿಯಾಗಿ ಎಲ್ಲಿಗೆ ತಿರುಗಿಸುತ್ತಾನೋ ಹೇಳೋಕಾಗಲ್ಲ.

ಜರ್ಸಿ ಕನ್ನಡಿಗ

ಇಲ್ಲಿ ನ್ಯೂಜೆರ್ಸಿಯಿಂದ. ನಾನು ನಮ್ಮೂರಿನ ಫಸ್ಟ್ ಏಡ್ ಸ್ಕ್ವಾಡ್‌ನಲ್ಲಿ ಸ್ವಯಂಸೇವಕ ಇಎಂಟಿ. ಹಗಲು ಸಾಫ್ಟ್‌ವೇರ್, ವಾರಕ್ಕೊಂದು ರಾತ್ರಿ ಆಂಬುಲೆನ್ಸ್. ಇಲ್ಲಿ ಎಷ್ಟೋ ಊರುಗಳಲ್ಲಿ ಹೀಗೆ ಊರವರೇ ಗಾಡಿ ನಡೆಸುತ್ತಾರೆ. ಇಂಜೆಕ್ಷನ್, ಇಸಿಜಿ ನೋಡುವ ಪ್ಯಾರಾಮೆಡಿಕ್‌ಗಳು ಬೇರೆ. ಅವರು ಆಸ್ಪತ್ರೆಯ ಕಡೆಯಿಂದ ಇನ್ನೊಂದು ಗಾಡಿಯಲ್ಲಿ ಬಂದು ನಮ್ಮ ಜೊತೆ ಸೇರಿಕೊಳ್ಳುತ್ತಾರೆ. ಇಲ್ಲಿ ಎಲ್ಲ ಸ್ವರ್ಗ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಬಹಳ ಕಡೆ ಆಮೇಲೆ ಆಂಬುಲೆನ್ಸ್ ಬಿಲ್ ಮನೆಗೆ ಬರುತ್ತದೆ. ಅದನ್ನು ನೋಡಿದರೆ ಮತ್ತೊಮ್ಮೆ ಎದೆನೋವು ಬರುತ್ತದೆ. 108 ಪುಕ್ಕಟೆ ಅನ್ನೋದು ಸಣ್ಣ ಮಾತಲ್ಲ.

ಇಲ್ಲೂ 1960ರ ದಶಕದಲ್ಲಿ ಎಷ್ಟೋ ಊರುಗಳಲ್ಲಿ ಹೆಣ ಸಾಗಿಸುವ ಅಂಗಡಿಯವರೇ ರೋಗಿಗಳನ್ನೂ ಸಾಗಿಸುತ್ತಿದ್ದರು. ಮಲಗಿಸಿಕೊಂಡು ಹೋಗಬಹುದಾದ ಉದ್ದನೆಯ ಕಾರು ಇದ್ದದ್ದು ಅವರ ಹತ್ತಿರ. 1967ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಫ್ರೀಡಮ್ ಹೌಸ್ ಅಂತ ಒಂದು ಸೇವೆ ಶುರುವಾಯಿತು. ಅದರಲ್ಲಿದ್ದವರು ಬಡ ಕೇರಿಯ ಕಪ್ಪು ಜನ, ಹೆಚ್ಚಿನವರಿಗೆ ಅದಕ್ಕೆ ಮುಂಚೆ ಕೆಲಸವೇ ಇರಲಿಲ್ಲ. ಪೀಟರ್ ಸಫರ್ ಅನ್ನೋ ಡಾಕ್ಟರ್ ಅವರಿಗೆ ನೂರಾರು ಗಂಟೆ ತರಬೇತಿ ಕೊಡಿಸಿದರು. ಈಗಿನ ಪ್ಯಾರಾಮೆಡಿಕ್ ಅನ್ನೋ ವೃತ್ತಿಗೆ ಮಾದರಿ ಆದದ್ದು ಅವರು. 1975ರಲ್ಲಿ ನಗರಸಭೆ ತನ್ನದೇ ಸೇವೆ ಶುರು ಮಾಡಿ ಇದನ್ನು ಮುಚ್ಚಿತು. ಮಾದರಿಯಾದವರಲ್ಲಿ ಬಹಳ ಜನರನ್ನು ಬದಿಗೆ ತಳ್ಳಿದರು.

ಲೆಕ್ಕದ ಮೇಷ್ಟ್ರು

ನಮ್ಮ 108ರ ಹುಟ್ಟೂ ಸ್ವಾರಸ್ಯದ್ದೇ. 2005ರ ಆಗಸ್ಟ್‌ನಲ್ಲಿ ಹೈದರಾಬಾದ್‌ನಲ್ಲಿ ಇದು ಶುರು. ಮಾಡಿದವರು ಸತ್ಯಂ ಕಂಪ್ಯೂಟರ್ಸ್‌ನ ರಾಮಲಿಂಗ ರಾಜು. ಕರ್ನಾಟಕಕ್ಕೆ ಆರೋಗ್ಯ ಕವಚ ಅನ್ನೋ ಹೆಸರಿನಲ್ಲಿ ಬಂದದ್ದು 2008ರ ರಾಜ್ಯೋತ್ಸವದ ದಿನ. ಎರಡು ತಿಂಗಳಾಗಿತ್ತೋ ಇಲ್ಲವೋ, 2009ರ ಜನವರಿಯಲ್ಲಿ ಸತ್ಯಂ ಹಗರಣ ಹೊರಬಿತ್ತು. ಆಮೇಲೆ ಜಿವಿಕೆ ಅನ್ನೋ ಕಂಪನಿ ವಹಿಸಿಕೊಂಡಿತು. ಯಜಮಾನರು ಬದಲಾದರೂ ಗಾಡಿ ನಿಲ್ಲಲಿಲ್ಲ. ಅದನ್ನು ನಿಲ್ಲಿಸದೆ ಓಡಿಸಿದ್ದು ಪೈಲಟ್ಟು, ಇಎಂಟಿಗಳೇ ಅಲ್ವಾ?

ಹುಬ್ಬಳ್ಳಿ ಹುಡುಗ

ಒಂದು ಪ್ರಾಮಾಣಿಕ ಪ್ರಶ್ನೆ. ಹೈವೇನಾಗ ಆಕ್ಸಿಡೆಂಟ್ ನೋಡಿ ನಿಲ್ಲಿಸಬೇಕು ಅನ್ನಿಸ್ತದ. ಮನೆಯಾಗ 'ಕೋರ್ಟು ಕಚೇರಿ ಯಾಕ ಬೇಕು' ಅಂತಾರ. ಖರೇ ಏನದ?

ಹೆಡ್‌ಸೆಟ್ ಹಳಬ

ನಿಲ್ಲಿಸಿ ತಮ್ಮಾ. 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ನಿಯಮಗಳನ್ನು ಕಡ್ಡಾಯ ಮಾಡಿತು. ಕರ್ನಾಟಕ ಇದಕ್ಕೆ ತನ್ನದೇ ಕಾಯ್ದೆ ತಂದಿತು, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಮೋಟಾರು ವಾಹನ ಕಾಯ್ದೆಗೂ 2019ರಲ್ಲಿ 134ಎ ಅಂತ ಸೇರಿಸಿದರು. ಸಹಾಯ ಮಾಡಿದವರು ಹೆಸರು ಹೇಳಲೇಬೇಕು ಅಂತಿಲ್ಲ. ಆಸ್ಪತ್ರೆಯವರು ದುಡ್ಡು ಕಟ್ಟಿ ಅನ್ನುವ ಹಾಗಿಲ್ಲ. ಸಾಕ್ಷಿ ಆಗುವುದು ನಿಮ್ಮ ಇಷ್ಟ.

ರಾಷ್ಟ್ರೀಯ ಹೆದ್ದಾರಿ ಆದರೆ 1033 ಅಂತ ಇನ್ನೊಂದು ನಂಬರ್ ಇದೆ. ಟೋಲ್ ಹತ್ತಿರ ನಿಲ್ಲುವ ಆಂಬುಲೆನ್ಸ್ ಅವರ ಕೈಯಲ್ಲಿ. ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿ, ನೀವು ಯಾವ ಊರ ಕಡೆ ಹೋಗುತ್ತಿದ್ದಿರಿ ಅಂತ ಹೇಳಿ. ಡಿವೈಡರ್‌ನ ಆ ಕಡೆಗೆ ಗಾಡಿ ಬಂದು ನಿಂತರೆ ಮತ್ತೆ ಸುತ್ತಬೇಕು.

ಹಿಂದಿನ ಸೀಟು

ಮತ್ತೆ ಎಲ್ಲರೂ ಸೇರಿ ಗಾಯಾಳುವಿನ ಕೈಕಾಲು ಹಿಡಿದು ಆಟೋಗೆ ತುಂಬಬೇಡಿ. ಕುತ್ತಿಗೆ ಮೂಳೆಗೆ ಪೆಟ್ಟಾಗಿದ್ದರೆ ಆ ಎಳೆದಾಟದಲ್ಲೇ ಜೀವನ ಪೂರ್ತಿ ಹಾಸಿಗೆ ಹಿಡಿಯಬಹುದು. ಬೆಂಕಿ ಹತ್ತುವ ಅಪಾಯ ಇಲ್ಲದಿದ್ದರೆ ಅಲ್ಲೇ ಬಿಡಿ, ತಲೆ ಅಲುಗದ ಹಾಗೆ ಹಿಡಿಯಿರಿ. ರಕ್ತ ಚಿಮ್ಮುತ್ತಿದ್ದರೆ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ, ಆಗಾಗ ತೆಗೆದು ನೋಡಬೇಡಿ. ನೀರು ಕುಡಿಸಬೇಡಿ. ಪ್ರಜ್ಞೆ ಇಲ್ಲ, ಉಸಿರೂ ಇಲ್ಲ ಅಂದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರ್ ಆದರೂ ತಗ್ಗುವ ಹಾಗೆ ಒತ್ತುತ್ತಾ ಇರಿ. ನಾವು ಬರುವವರೆಗೂ ನಿಲ್ಲಿಸಬೇಡಿ, ಕೈ ಸೋತರೆ ಇನ್ನೊಬ್ಬರಿಗೆ ಬಿಡಿ.

ಕುಂದಾಪ್ರದವ

ನಮ್ಮ ಕಡೆ ಸಮಸ್ಯೆ ಇನ್ನೂ ಹಿಂದಿನದು. ಗಾಡಿ ರಸ್ತೆವರೆಗೆ ಬರುತ್ತದೆ. ಮನೆ ಇರುವುದು ಹೊಳೆ ಆಚೆ, ಕಾಲುಸಂಕ ದಾಟಬೇಕು. ಮಳೆಗಾಲದಲ್ಲಿ ಕುರ್ಚಿಗೆ ಕಟ್ಟಿ, ಇಲ್ಲ ಕಂಬಳಿ ಜೋಲಿ ಮಾಡಿ ಹೊತ್ತು ತರುವುದು. ಆ ಅರ್ಧ ಗಂಟೆ ಯಾವ ಲೆಕ್ಕಕ್ಕೆ ಬರುತ್ತದೆ ಮೇಷ್ಟ್ರೇ?

ಲೆಕ್ಕದ ಮೇಷ್ಟ್ರು

ಯಾವ ಲೆಕ್ಕಕ್ಕೂ ಬರುವುದಿಲ್ಲ. ಕರೆ ಬಂದ ಹೊತ್ತಿನಿಂದ ಗಾಡಿ ಸ್ಥಳ ಮುಟ್ಟುವವರೆಗೆ ಅಳೆಯುತ್ತಾರೆ. ಅವರ ಸ್ಥಳ ರಸ್ತೆ, ನಿಮ್ಮ ಸ್ಥಳ ಮನೆ.

ಘಾಟಿ ಸ್ಟೇರಿಂಗ್

ಅಂಥ ಕಡೆ ಒಂದು ಕೆಲಸ ಮಾಡಬಹುದು. ಕರೆ ಮಾಡಿದ ಕೂಡಲೇ ಒಬ್ಬ ಹುಡುಗನನ್ನು ಟಾರ್ಚ್ ಕೊಟ್ಟು ಮೇನ್ ರೋಡಿಗೆ ಓಡಿಸಿ. ರಾತ್ರಿ ನಮಗೆ ಎಲ್ಲ ತೋಟದ ದಾರಿಯೂ ಒಂದೇ ಥರ ಕಾಣುತ್ತದೆ. ನೆಟ್‌ವರ್ಕ್ ಇರಲ್ಲ, ಮ್ಯಾಪ್ ಕೈ ಕೊಡುತ್ತದೆ. ದಾರಿ ತಿರುವಿನಲ್ಲಿ ಒಬ್ಬ ನಿಂತಿದ್ದರೆ ಅಷ್ಟು ಹುಡುಕಾಟ ಉಳಿಯಿತು. ನಾಯಿ ಕಟ್ಟಿಹಾಕಿ. ಇದನ್ನು ತಮಾಷೆಗೆ ಹೇಳ್ತಿಲ್ಲ.

ರಿಂಗ್ ರೋಡ್ ರಂಗ

ಸರಿ ಸ್ಟೇರಿಂಗಣ್ಣ, ಸೈರನ್ ವಿಷಯ ಒಪ್ಪಿದೆ. ಆದರೆ ಖಾಸಗಿಯವರ ಕಥೆ? ಓಮ್ನಿಗೆ ಕೆಂಪು ದೀಪ ಹಾಕಿ ಆಂಬುಲೆನ್ಸ್ ಅಂತಾರೆ.

ಡ್ಯೂಟಿ ಡಾಕ್ಟರ್

ಇದಕ್ಕೆ ನಿಯಮ ಇದೆ, ಎಐಎಸ್ 125 ಅಂತ. ಎ, ಬಿ, ಸಿ, ಡಿ ಅಂತ ನಾಲ್ಕು ಥರ. ಎ ಅಂದರೆ ಬೈಕ್‌ನಂಥದ್ದು, ಮೊದಲು ಮುಟ್ಟುವವರಿಗೆ. ಬಿ ಸುಮ್ನೆ ರೋಗಿ ಸಾಗಿಸಲು. ಸಿ ಸಾಮಾನ್ಯ ತುರ್ತು ಚಿಕಿತ್ಸೆಗೆ. ಡಿ ಅಂದರೆ ವೆಂಟಿಲೇಟರ್ ಎಲ್ಲ ಇರುವುದು. ಖಾಸಗಿ ಗಾಡಿ ಕರೆಸುವಾಗ 'ಹಿಂದೆ ಯಾರು ಕೂರುತ್ತಾರೆ, ಏನು ಓದಿದ್ದಾರೆ' ಅಂತ ಮೊದಲು ಕೇಳಿ. ವೆಂಟಿಲೇಟರ್ ಇದೆ ಅಂತಾರೆ, ನಡೆಸುವವರು ಇರುವುದಿಲ್ಲ. ಅಂಥ ಗಾಡಿಯಲ್ಲಿ ಬಂದ ರೋಗಿಯ ಆಕ್ಸಿಜನ್ ಸಿಲಿಂಡರ್ ದಾರಿಯಲ್ಲೇ ಖಾಲಿಯಾಗಿದ್ದು ಯಾರಿಗೂ ಗೊತ್ತಾಗಿರಲಿಲ್ಲ.

ಹಿಂದಿನ ಸೀಟು

ಆ ಮಾತು ಬಂದಿದ್ದಕ್ಕೆ ಹೇಳುತ್ತೇನೆ. 'ಏನು ಓದಿದ್ದಾರೆ' ಅನ್ನೋದು ಬಹಳ ವರ್ಷ ನಮ್ಮ ದೇಶದಲ್ಲಿ ಯಾರೂ ಕೇಳದ ಪ್ರಶ್ನೆ. ಡಾಕ್ಟರ್‌ಗೆ, ನರ್ಸ್‌ಗೆ ಕೌನ್ಸಿಲ್ ಇದೆ. ಪ್ಯಾರಾಮೆಡಿಕ್ ಅನ್ನೋ ಕೆಲಸವನ್ನು ಕಾನೂನಿನಲ್ಲಿ ಹೆಸರು ಹಿಡಿದು ಗುರುತಿಸಿದ್ದು 2021ರ ಕೇಂದ್ರ ಕಾಯ್ದೆಯಲ್ಲಿ. ಆಸ್ಪತ್ರೆಯಲ್ಲಿ ಅನುಭವದ ಮೇಲೆ ಮೇಲಕ್ಕೆ ಹೋಗಬಹುದು. ಇಲ್ಲಿ ಹತ್ತು ವರ್ಷ ಆದರೂ ಅದೇ ಸೀಟು, 12 ಗಂಟೆ ಶಿಫ್ಟು. ಸಂಬಳ ಬಾಕಿ ಅಂತ 108ರವರು ಮುಷ್ಕರ ಮಾಡಿದ ಸುದ್ದಿ ನೀವೂ ಓದಿರುತ್ತೀರಿ. ಹಾಗಾಗಿ ಕಲಿತವರು ಎರಡು ಮೂರು ವರ್ಷಕ್ಕೆ ಆಸ್ಪತ್ರೆಗೋ ಹೊರದೇಶಕ್ಕೋ ಹೋಗುತ್ತಾರೆ. ಗಾಡಿಗೆ ಮತ್ತೆ ಹೊಸಬರು. ಮೇಷ್ಟ್ರ ಲೆಕ್ಕದಲ್ಲಿ ಗಾಡಿ ಎಣಿಸಿದ ಹಾಗೆ, ಹಿಂದಿನ ಸೀಟಿನವರಿಗೆ ಎಷ್ಟು ವರ್ಷ ಅನುಭವ ಅಂತಲೂ ಯಾರಾದರೂ ಎಣಿಸಬೇಕು.

ತೋಟದಮನೆ

ಎಲ್ಲರಿಗೂ ಧನ್ಯವಾದ. ನಮ್ಮೂರ ಹುಡುಗರ ಗುಂಪಿನಲ್ಲಿ ಹಾಕಿದೆ. ಒಂದು ಪ್ರಶ್ನೆ ಅಲ್ಲಿಂದಲೇ ಬಂತು: ಯಾರಾದರೂ ಬಾವಿಗೆ ಬಿದ್ದರೆ 108ಕ್ಕೆ ಮಾಡಬೇಕಾ, ಫೈರ್‌ನವರಿಗಾ, ಪೊಲೀಸರಿಗಾ?

ಹೆಡ್‌ಸೆಟ್ ಹಳಬ

112ಕ್ಕೆ ಮಾಡಿ. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಸೇರಿದ ನಂಬರ್ ಅದು. ಬಾವಿಯಲ್ಲಿ ಬಿದ್ದವರನ್ನು ಮೇಲೆತ್ತುವುದು ಅಗ್ನಿಶಾಮಕದವರ ಕೆಲಸ, ಆಂಬುಲೆನ್ಸ್‌ನಲ್ಲಿ ಅದಕ್ಕೆ ಬೇಕಾದ ಹಗ್ಗ, ಏಣಿ ಇರುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ 108ರ ವ್ಯವಸ್ಥೆ ಕೆಟ್ಟು ನಿಂತಾಗಲೂ ಕರೆಗಳನ್ನು 112 ಮತ್ತು ಆರೋಗ್ಯ ಸಹಾಯವಾಣಿ 104ಕ್ಕೆ ತಿರುಗಿಸಿದ್ದರು, ಹಾಗಾಗಿ 112 ನಂಬರ್ ಎಲ್ಲರ ಫೋನಲ್ಲೂ ಇರಲಿ. ಹಳೇ ಬಾವಿ ಆದರೆ ಹಿಂದೆಯೇ ಇನ್ನೊಬ್ಬರು ಇಳಿಯದ ಹಾಗೆ ನೋಡಿಕೊಳ್ಳಿ, ತಳದಲ್ಲಿ ಉಸಿರಾಡಲು ಗಾಳಿ ಇಲ್ಲದಿರಬಹುದು.